ಮೂರನೇ ಕಾಪಿ

ಹೋದ ತಿಂಗಳು ನನ್ನ ಬಾಲ್ಯದ ಗೆಳೆಯ ತೀರಿಕೊಂಡ. ಹನ್ನೊಂದನೇ ದಿನದ ಕಾರ್ಯಕ್ಕೆ ಇನ್ನು ಮೂರು ದಿನ ಇರುವಾಗ ಅವನ ಮಗಳು ನನ್ನ ಅಂಗಡಿಗೆ ಬಂದಳು. ಮೊಬೈಲ್ ಮುಂದೆ ಹಿಡಿದು, "ಮಾಮ, ಅಪ್ಪನ ಫೋಟೋ ಇದೊಂದೇ ಚೆನ್ನಾಗಿರೋದು. ಗೋಡೆಗೆ ಹಾಕೋ ಅಷ್ಟು ದೊಡ್ಡದು ಮಾಡಿಕೊಡಿ" ಅಂದಳು.

ಬಿಳಿ ಹಿನ್ನೆಲೆ, ಮೇಲಿನ ಗುಂಡಿವರೆಗೂ ಹಾಕಿದ ಅಂಗಿ, ನೆಟ್ಟ ನೋಟ. ನಾನೇ ತೆಗೆದ ಫೋಟೋ ಅದು. ಎರಡು ವರ್ಷದ ಹಿಂದೆ ಒಂದು ಆನ್‌ಲೈನ್ ಅರ್ಜಿಗೆ ಬೇಕೆಂದು ಬಂದಿದ್ದ. ತೆಗೆದೆ, ಅರ್ಜಿ ಕೇಳಿದ ಅಳತೆಗೆ ಕುಗ್ಗಿಸಿದೆ, ಅವನ ಮೊಬೈಲಿಗೆ ಕಳಿಸಿದೆ. 34 ಕೆಬಿ. ಅರ್ಜಿ ಸಬ್ಮಿಟ್ ಆದ ಮೇಲೆ ಕಂಪ್ಯೂಟರಿನಲ್ಲಿ ಜಾಗವಿಲ್ಲವೆಂದು ದೊಡ್ಡ ಫೋಟೋವನ್ನು ಅಳಿಸಿಬಿಟ್ಟೆ. ಅವನ ಹಳೆಯ ಮೊಬೈಲು ತೋಟದ ತೊಟ್ಟಿಗೆ ಬಿದ್ದು, ಅದರೊಳಗಿದ್ದ ಚಿತ್ರಗಳೆಲ್ಲ ನೀರುಪಾಲಾದವು.

"ದೊಡ್ಡದು ಇದ್ದಿದ್ದನ್ನ ಯಾಕೆ ಮಾಮ ಚಿಕ್ಕದು ಮಾಡಿದ್ರಿ?"

ಆ ಹುಡುಗಿಗೆ ಅವತ್ತು ಉತ್ತರ ಕೊಡಲಾಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೋಳೂರಿನ ಸ್ಟುಡಿಯೋಗೆ ನಾನು ಸೇರಿದ್ದು 1987ರಲ್ಲಿ, ಹದಿನೈದನೇ ವಯಸ್ಸಿಗೆ. ಸ್ಟುಡಿಯೋ ಅಂದರೆ ಎರಡು ಕೋಣೆ. ಮುಂದಿನದರಲ್ಲಿ ಕೆರೆ, ಹಂಸ, ಮೆಟ್ಟಿಲು ಬರೆದ ಪರದೆ. ಹಿಂದಿನದು ಡಾರ್ಕ್ ರೂಮ್. ಯಜಮಾನರನ್ನು ಸುತ್ತಲ ಹಳ್ಳಿಯವರೆಲ್ಲ ಸಾಹೇಬರು ಎನ್ನುತ್ತಿದ್ದರು. ಅವರ ಹತ್ತಿರ ಇದ್ದದ್ದು ಎರಡು ಕಣ್ಣಿನ ಪೆಟ್ಟಿಗೆ ಕ್ಯಾಮೆರಾ. ಅದಕ್ಕೆ ಹಾಕುವ 120ರ ರೀಲಿಗೆ ಹನ್ನೆರಡೇ ಚಿತ್ರ. ಹನ್ನೆರಡೂ ಮುಗಿಯುವವರೆಗೆ ರೀಲು ತೊಳೆಯುತ್ತಿರಲಿಲ್ಲ. ಮೊದಲನೆಯವನಾಗಿ ಕೂತವನು ಹನ್ನೆರಡನೆಯವನು ಬರಲೆಂದು ವಾರ ಕಾಯಬೇಕಾಗಿ ಬಂದದ್ದೂ ಉಂಟು.

ಫೋಟೋ ತೊಳೆಯುವ ಹೈಪೋ ದ್ರಾವಣದ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಹಸಿ ಗಂಧಕದಂಥ, ಹುಳಿ ಬೆರೆತ, ಬಟ್ಟೆಗೆ ಹತ್ತಿದರೆ ಮೂರು ದಿನ ಬಿಡದ ವಾಸನೆ. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಹೆಸರಿನ ಪೇಪರನ್ನು ಕೆಂಪು ದೀಪದ ಕೆಳಗೆ ಡೆವಲಪರ್ ಟ್ರೇಗೆ ಬಿಟ್ಟರೆ ಮೊದಲು ಹುಬ್ಬು, ಆಮೇಲೆ ಕಣ್ಣು, ಆಮೇಲೆ ತಲೆಗೂದಲು ನಿಧಾನಕ್ಕೆ ತೇಲಿ ಬರುತ್ತಿದ್ದವು. ಕರೆಂಟು ರಾತ್ರಿ ಹೊತ್ತು ನೆಟ್ಟಗೆ ಇರುತ್ತಿದ್ದುದರಿಂದ ಪ್ರಿಂಟು ಹಾಕುವ ಕೆಲಸವೆಲ್ಲ ರಾತ್ರಿಗೇ. ಕೊನೇ ತೊಳೆತಕ್ಕೆ ಬೋರ್‌ವೆಲ್ ನೀರು ಮುಟ್ಟಿಸುತ್ತಿರಲಿಲ್ಲ. ನಮ್ಮ ಕಡೆಯ ಗಡಸು ನೀರು ಒಣಗಿದರೆ ಮುಖದ ಮೇಲೆ ಬಿಳಿ ಕಲೆ ಕೂರುತ್ತದೆ. ಹಿತ್ತಲಿನ ಹಂಡೆಯಲ್ಲಿ ಹಿಡಿದ ಮಳೆನೀರೇ ಆಗಬೇಕು. ಮಳೆ ಕೈಕೊಟ್ಟ ವರ್ಷ ಸಾಹೇಬರು ಆ ಹಂಡೆಗೆ ಬೀಗ ಹಾಕಿದ್ದರು.

ವೃದ್ಧಾಪ್ಯ ವೇತನದ ಅರ್ಜಿಗೆ ಫೋಟೋ ತೆಗೆಸಲು ಬಂದ ಒಬ್ಬ ಅಜ್ಜಿಯನ್ನು ನಾನು ಮರೆತಿಲ್ಲ. ಮೂರು ಕಾಪಿಗೆ ಹನ್ನೆರಡು ರೂಪಾಯಿ. ಅಜ್ಜಿಯ ಸೆರಗಿನ ಗಂಟಿನಲ್ಲಿ ಇದ್ದದ್ದು ಎಂಟು.

"ಎಲ್ಡು ಸಾಕು ಅಂದವ್ರೆ ಸಾಮೀ. ಮೂರ್ನೇದು ಯಾಕೆ?"

"ಎರಡು ಸರ್ಕಾರಕ್ಕೆ ಅಮ್ಮಾ. ಮೂರನೇದು ನಿನಗೆ."

"ನನ್ ಮಕ ನಾನೇನ್ ನೋಡ್ಕೊಳ್ಳಾದು?"

ಸಾಹೇಬರು ಎಂಟೇ ರೂಪಾಯಿ ತೆಗೆದುಕೊಂಡರು. ಮಿಕ್ಕದ್ದಕ್ಕೆ ಅವರೆಕಾಯಿ ಕೇಳಿದರು. ಮಾರನೇ ದಿನ ಅಜ್ಜಿ ಮಡಿಲು ತುಂಬ ಸೊನೆ ಅವರೆಕಾಯಿ ತಂದು ಸುರಿದಳು. ಅಂಗಡಿಯೆಲ್ಲ ಹೈಪೋ ಮರೆತು ಅವರೆ ಸೊಗಡು. ಮೂರನೇ ಕಾಪಿಯನ್ನು ಸಾಹೇಬರು ಅವಳ ಕೈಗೇ ಇಟ್ಟರು. ನೆಗೆಟಿವನ್ನು ಕಂದು ಕವರಿಗೆ ಹಾಕಿ ನಂಬರು ಬರೆದು ಟ್ರಂಕಿಗೆ ಇಟ್ಟರು. ಆರು ವರ್ಷದ ಮೇಲೆ ಅಜ್ಜಿಯ ಮಗ ಬಂದಾಗ ಆ ಅಂಗೈಯಗಲದ ನೆಗೆಟಿವಿನಿಂದ ಹನ್ನೆರಡು ಇಂಚಿನ ಚಿತ್ರ ಎಬ್ಬಿಸಿದೆವು. ಕೆನ್ನೆಯ ಒಂದೊಂದು ಸುಕ್ಕೂ ಎಣಿಸುವ ಹಾಗಿತ್ತು.

ಅದು ಚಿನ್ನದ ಕಾಲ ಎಂದರೆ ಸುಳ್ಳಾಗುತ್ತದೆ. ಎಷ್ಟೋ ಮನೆಯ ಹೆಂಗಸರು ಬದುಕಿರುವಾಗ ಒಂದು ಸಲವೂ ಕ್ಯಾಮೆರಾ ಮುಂದೆ ಕೂತವರಲ್ಲ. ಸತ್ತ ಮೇಲೆ ನಮ್ಮನ್ನು ಕರೆಸುತ್ತಿದ್ದರು. ಹೆಣವನ್ನು ಗೋಡೆಗೆ ಒರಗಿಸಿ, ಹಾರ ಹಾಕಿ, ಅಕ್ಕಪಕ್ಕ ಮಕ್ಕಳನ್ನು ಕೂರಿಸಿ ತೆಗೆದ ಒಂದೇ ಚಿತ್ರ, ಅದೇ ಆ ತಾಯಿಯ ಗುರುತು. ಅಂಥವನ್ನು ನಾನು ಬೇಕಾದಷ್ಟು ತೊಳೆದಿದ್ದೇನೆ. ಇವತ್ತು ಕೂಲಿಗೆ ಹೋಗುವ ಹೆಣ್ಣುಮಗಳ ಮೊಬೈಲಿನಲ್ಲೂ ಅವಳು ನಗುತ್ತಿರುವ ನೂರು ಚಿತ್ರ ಇರುತ್ತವೆ. ಅದು ದೊಡ್ಡದು, ಅದನ್ನು ಹೀಗಳೆಯಲಾರೆ.

ಫೋಟೋ ಚಿಕ್ಕದು ಮಾಡುವ ಕೆಲಸ ನನಗೆ ಮೊದಲು ಗಂಟುಬಿದ್ದದ್ದು 2004ರಲ್ಲಿ. ಒಂದು ಮನೆಯ ಹುಡುಗಿಯ ಫೋಟೋವನ್ನು ಅಮೆರಿಕದಲ್ಲಿದ್ದ ಗಂಡಿಗೆ ಇಮೇಲ್ ಮಾಡಬೇಕಿತ್ತು. ಕೋಲಾರದ ಸೈಬರ್ ಸೆಂಟರಿಗೆ ಒಯ್ದೆ. ಸ್ಕ್ಯಾನ್ ಮಾಡಿದ್ದು 2 ಎಂಬಿ. ಟೆಲಿಫೋನ್ ತಂತಿಯ ಇಂಟರ್‌ನೆಟ್ಟು, ಸೆಕೆಂಡಿಗೆ ನಾಲ್ಕೈದು ಕೆಬಿ ಸಾಗಿದರೆ ಹೆಚ್ಚು. ಏಳೆಂಟು ನಿಮಿಷ ಹೋಗಬೇಕು, ಆರನೇ ನಿಮಿಷಕ್ಕೆ ಲೈನ್ ಕಟ್. ಮೂರು ಸಲ ಹಾಗಾಯಿತು. ಕೊನೆಗೆ ಅಲ್ಲಿನ ಹುಡುಗ ಅಗಲವನ್ನು 800 ಪಿಕ್ಸೆಲ್ಲಿಗೆ ಇಳಿಸಿ 100 ಕೆಬಿ ಮಾಡಿದ. ಅರ್ಧ ನಿಮಿಷದೊಳಗೆ ಹೋಯಿತು. ಪರದೆಯ ಮೇಲೆ ನೋಡಿದರೆ ವ್ಯತ್ಯಾಸವೇ ಕಾಣದು. ನಾನು ಬೆರಗಾದೆ, ಆ ವಿದ್ಯೆಯನ್ನು ಅವನಿಂದಲೇ ಕಲಿತೆ.

ಅದರ ಒಳಗುಟ್ಟು ಗೊತ್ತಾದದ್ದು ಆಮೇಲೆ. ನಾವು ಬಳಸುವ ಜೆಪೆಗ್ 1992ರಲ್ಲಿ ಗೊತ್ತುಪಡಿಸಿದ ವಿಧಾನ. ಚಿತ್ರವನ್ನು ಎಂಟು ಪಿಕ್ಸೆಲ್ ಉದ್ದ, ಎಂಟು ಪಿಕ್ಸೆಲ್ ಅಗಲದ ಚೌಕಗಳಾಗಿ ಒಡೆಯುತ್ತದೆ. ನಮ್ಮ ಕಣ್ಣಿಗೆ ಬೆಳಕು ನೆರಳು ಚೆನ್ನಾಗಿ ತಿಳಿಯುತ್ತದೆ, ಬಣ್ಣದ ಸಣ್ಣ ಏರಿಳಿತ ಅಷ್ಟು ತಿಳಿಯದು. ಹಾಗಾಗಿ ಬಣ್ಣದ ವಿವರ ಮೊದಲು ಹೋಗುತ್ತದೆ. ಇನ್ನೂ ಹಿಂಡಿದರೆ ಸಣ್ಣ ಗೆರೆಗಳು ಹೋಗುತ್ತವೆ: ಗಡ್ಡದ ಕೂದಲು, ಸೀರೆಯ ಜರಿ, ಕಣ್ಣಿನ ಅಂಚಿನ ಸುಕ್ಕು. ಹಿಂಡಿದ್ದನ್ನೇ ತಿದ್ದಿ ಮತ್ತೆ ಸೇವ್ ಮಾಡಿದರೆ ಮತ್ತಷ್ಟು ಹೋಗುತ್ತದೆ. ಹೋದದ್ದು ಬರುವುದಿಲ್ಲ. ಸಾಹೇಬರೂ ಚಿತ್ರದಿಂದ ತೆಗೆಯುತ್ತಿದ್ದರು. ಸೀಸದ ಕಡ್ಡಿಯಿಂದ ನೆಗೆಟಿವಿನ ಮೇಲೆ ಟಚಿಂಗ್ ಮಾಡುವಾಗ ಸಿಡುಬಿನ ಕಲೆ ಮರೆಸುತ್ತಿದ್ದರು, ಹಣೆಯ ಗೆರೆ ಮುಟ್ಟುತ್ತಿರಲಿಲ್ಲ. ಯಾವುದು ಹೋಗಬೇಕು, ಯಾವುದು ಉಳಿಯಬೇಕು ಎಂದು ಒಬ್ಬ ಮನುಷ್ಯ ಕೂತು ಯೋಚಿಸಿದ್ದ.

"ಕತ್ತರಿಸೋದು ಬೇರೆ, ಕುಗ್ಗಿಸೋದು ಬೇರೆ" ಎಂದು ಅವರು ಹೇಳುತ್ತಿದ್ದ ಮಾತು ಮೊಬೈಲ್ ಕಾಲಕ್ಕೆ ಇನ್ನೂ ಹೆಚ್ಚು ಸಲ್ಲುತ್ತದೆ. ಒಬ್ಬ ರೈತರು ಟೊಮೆಟೊ ಎಲೆಯ ರೋಗದ ಚಿತ್ರವನ್ನು ತಜ್ಞರಿಗೆ ಮೇಲ್ ಮಾಡಲು ಬಂದಿದ್ದರು. ಇಡೀ ಸಾಲು ಗಿಡ ಹಿಡಿದಿದ್ದರು. ಮಗ ಅದನ್ನು ವಾಟ್ಸಾಪಿನಲ್ಲಿ ಒಮ್ಮೆ ಕಳಿಸಿ, ಅಲ್ಲಿಂದ ಇಳಿಸಿ, ಮೇಲಿಗೆ ಹಗುರವಾಗಲೆಂದು ಮತ್ತೆ ಕುಗ್ಗಿಸಿದ್ದ. ಎಲೆ ಮೇಲೆ ಕಂದು ಮಸುಕು ಬಿಟ್ಟರೆ ಏನೂ ಇಲ್ಲ. ಅಂಗಮಾರಿಯ ಆ ಉಂಗುರ ಉಂಗುರದ ಚುಕ್ಕೆ ಕಾಣಬೇಕಲ್ಲವೇ ತಜ್ಞರಿಗೆ? ರೈತರ ಮೊಬೈಲಿನ ಅಸಲು ಚಿತ್ರ ತೆಗೆದು ಒಂದೇ ಎಲೆಯನ್ನು ಕತ್ತರಿಸಿದೆ. ಕುಗ್ಗಿಸದೆಯೇ ಹಗುರವಾಯಿತು, ಚುಕ್ಕೆಯೂ ಉಳಿಯಿತು. ಈಗ ಬಂದವರಿಗೆಲ್ಲ ಅದನ್ನೇ ಹೇಳುತ್ತೇನೆ. ಬೇಡದ್ದನ್ನು ಮೊದಲು ಕತ್ತರಿಸಿ. ಸಾಲದಿದ್ದರೆ ಅಗಲ ಇಳಿಸಿ. ಬರೀ ನೋಡುವುದಕ್ಕೆ 1600 ಪಿಕ್ಸೆಲ್ ಸಾಕು. ಗುಣಮಟ್ಟ ಇಳಿಸುವುದು ಕೊನೆಗೆ. ಐಫೋನಿನ ಮೇಲ್ ತಾನೇ ಚಿಕ್ಕದೋ, ಮಧ್ಯಮವೋ, ದೊಡ್ಡದೋ ಎಂದು ಕೇಳುತ್ತದೆ, ಕಣ್ಣುಮುಚ್ಚಿ ಚಿಕ್ಕದು ಒತ್ತಬೇಡಿ. ಜಿಮೇಲಿಗೆ 25 ಎಂಬಿ ಮಿತಿ ಇದೆ, ನಾಲ್ಕು ಎಂಬಿಯ ಒಂದೆರಡು ಚಿತ್ರಕ್ಕೆ ಇಂದಿನ ಇಂಟರ್‌ನೆಟ್ಟಿನಲ್ಲಿ ಏನೂ ಮಾಡಬೇಕಾಗಿಲ್ಲ. ಮಾಡಿದರೂ ನಕಲಿನ ಮೇಲೆ ಮಾಡಿ.

ಆದರೆ ಅರ್ಜಿಗಳು ಬಿಡಬೇಕಲ್ಲ. ಬ್ಯಾಂಕ್ ಕೆಲಸದ ಐಬಿಪಿಎಸ್ ಅರ್ಜಿಗೆ ಫೋಟೋ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ, ಫೋಟೋ ಅಳತೆ 200 ಅಡ್ಡ, 230 ಉದ್ದ. ಕೊನೇ ದಿನ ಅಂಗಡಿ ಮುಂದೆ ಮಕ್ಕಳು ಸಾಲು ನಿಲ್ಲುತ್ತಾರೆ. 51 ಕೆಬಿ ಇದ್ದರೂ ಆಚೆಗೆ ತಳ್ಳುತ್ತದೆ. ನಾನು ಹಿಂಡಿ ಕೊಡುತ್ತೇನೆ, ಮೂವತ್ತು ರೂಪಾಯಿ ತೆಗೆದುಕೊಳ್ಳುತ್ತೇನೆ, ಮುಂದಿನವರನ್ನು ಕರೆಯುತ್ತೇನೆ. ಸರ್ಕಾರದ ಎರಡು ಕಾಪಿ ಆಗುತ್ತಿವೆ. ಮೂರನೇ ಕಾಪಿ ಕೊಡುವುದನ್ನು ನಾನು ಯಾವತ್ತು ಬಿಟ್ಟೆ ಎಂದು ನನಗೇ ನೆನಪಿಲ್ಲ. ಹಾಳು ಕೆಲಸ ಮಾಡಿದ್ದೇನೆ. ಗೆಳೆಯನ ಮಗಳು ಬರುವವರೆಗೆ ಅದು ಕೆಲಸ ಎಂದೇ ಅಂದುಕೊಂಡಿದ್ದೆ.

ಗೆಳೆಯನ ಫೋಟೋದ ಅಗಲವೂ ಅಷ್ಟೇ. ಆ 200 ಪಿಕ್ಸೆಲ್ಲನ್ನು ಅಚ್ಚಿಗೆ ತಕ್ಕ ಹದದಲ್ಲಿ, ಇಂಚಿಗೆ 300ರಂತೆ ಹಾಕಿದರೆ ಅಗಲ 1.7 ಸೆಂಟಿಮೀಟರ್, ಎತ್ತರ ಎರಡಕ್ಕೂ ಸ್ವಲ್ಪ ಕಡಿಮೆ. ಹೆಬ್ಬೆರಳ ತುದಿಯಷ್ಟು. ಹನ್ನೆರಡು ಇಂಚಿಗೆ ಎಳೆದು ತೋರಿಸಿದೆ, ಮುಖ ಚೌಕ ಚೌಕವಾಗಿ ಒಡೆಯಿತು. ಅವಳ ತಮ್ಮ ಯಾವುದೋ ಎಐ ಆ್ಯಪಿನಲ್ಲಿ ಹಾಕಿ ತಂದ. ನುಣುಪಾದ ಕೆನ್ನೆ, ಒತ್ತಾದ ಹುಬ್ಬು, ತಿದ್ದಿದ ಮೀಸೆ. ಅವರಮ್ಮ ನೋಡಿ, "ಇವರ್ಯಾರಪ್ಪಾ?" ಅಂದರು. ಸಾಹೇಬರ ಟ್ರಂಕಿನಲ್ಲಿ ಮದುವೆಯ ನೆಗೆಟಿವ್ ಸಿಗಬಹುದೆಂದು ಹುಡುಕಿದೆ. ಎಷ್ಟೋ ಕವರು ಗೆದ್ದಲು ಹಿಡಿದಿದ್ದವು, ಮಿಕ್ಕವು ಸೋರಿದ ನೀರಿಗೆ ಒಂದಕ್ಕೊಂದು ಅಂಟಿಹೋಗಿದ್ದವು. ಅವರ ಕಾಲದ್ದೂ ಎಲ್ಲ ಉಳಿದಿಲ್ಲ.

ಕೊನೆಗೆ ಪಾಸ್‌ಪೋರ್ಟ್ ಅಳತೆಗೆ ಹಿಗ್ಗಿಸಿದೆ. ಅಷ್ಟಕ್ಕೆ ತಡೆಯಿತು, ಕಣ್ಣಿನ ಕೆಳಗಿನ ಚೀಲವೂ ಅವನದೇ, ಬಾಯಿಯ ಸೊಟ್ಟವೂ ಅವನದೇ. ಹನ್ನೆರಡು ಇಂಚಿನ ಕಟ್ಟಿಗೆ ಬಿಳಿ ರಟ್ಟು ಕೊಯ್ದು, ನಡುವೆ ಸಣ್ಣ ಕಿಂಡಿ ಬಿಟ್ಟು, ಅದರಲ್ಲಿ ಅವನನ್ನು ಕೂರಿಸಿದೆ. ಮಗಳು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಹಾರ ಹಾಕಿದರೆ ಮುಖ ಮುಚ್ಚಿಹೋಗುತ್ತದೆ ಎಂದು ಒಂದೇ ಒಂದು ಹೂವು ಸಿಕ್ಕಿಸಲು ಕಟ್ಟಿನ ಮೇಲೆ ಮೊಳೆ ಹೊಡೆಸಿಕೊಂಡು ಹೋದಳು.