ಮುಧೋಳದಲ್ಲೊಂದು ರೇಡಿಯೋ ರಾತ್ರಿ

ಕಲಾದಗಿ ದಾಟಿ ಲೋಕಾಪುರ ಹತ್ತಿರವಾಗುತ್ತಿದ್ದಂತೆ ಬಸ್ಸಿನ ಕಿಟಕಿಯಿಂದ ಬೆಲ್ಲದ ವಾಸನೆ ಬರತೊಡಗಿತು. ಎದುರಿಗೆ ಎರಡೆರಡು ಟ್ರೇಲರ್ ಎಳೆದುಕೊಂಡು ಬರುವ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದರಲ್ಲೂ ಒಂದೊಂದು ಹಾಡು, ಒಂದಕ್ಕಿಂತ ಒಂದು ಜೋರು. 2020ರ ಜನವರಿ, ಸಂಕ್ರಾಂತಿಯ ಸಮಯ. ಹನ್ನೊಂದು ವರ್ಷದ ಮಗಳನ್ನು ಕರೆದುಕೊಂಡು ನಾನು ನನ್ನೂರು ಮುಧೋಳಕ್ಕೆ ಹೊರಟಿದ್ದೆ.

"ಅಲ್ಲಿ ನೋಡೋಕೆ ಏನಿದೆ ಅಪ್ಪಾ?" ಎಂದಳು.

ನೋಡಲು ಬೇಕಾದಷ್ಟಿದೆ ಎಂದೆ. ಮುಧೋಳ ಕವಿ ರನ್ನನ ಊರು. ತೆಳ್ಳಗೆ, ಎತ್ತರಕ್ಕೆ, ಬಾಣದಂತೆ ಓಡುವ ಮುಧೋಳ ನಾಯಿಯ ಊರು. ಆ ನಾಯಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿ ಬಂದಿದೆ. ಊರ ಪಕ್ಕದಲ್ಲೇ ಘಟಪ್ರಭಾ ನದಿ. "ಆದರೆ ನಾವು ಈ ಸಲ ಹೋಗ್ತಿರೋದು ನೋಡೋಕಲ್ಲ, ಕೇಳೋಕೆ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಾನೂ ಹೆಚ್ಚು ಹೇಳಲಿಲ್ಲ.

ನನ್ನ ಕಾಕಾನ ಮನೆ ಊರಾಚೆ ಹೊಲದಲ್ಲಿದೆ. ಕಾಕಾ ರೈತ. ಕಬ್ಬು, ಜೋಳ, ಕಡಲೆ ಬೆಳೆದು ಬಾಳಿದವ. ಅವನಿಗೊಂದು ಹವ್ಯಾಸ. ರಾತ್ರಿ ಊಟವಾದ ಮೇಲೆ ಟ್ರಾನ್ಸಿಸ್ಟರ್ ಹಿಡಿದು ಅಂಗಳದ ಹೊರಸಿನ ಮೇಲೆ ಕೂತು, ಮಧ್ಯಮ ತರಂಗದಲ್ಲಿ ಎಷ್ಟು ದೂರದ ಕೇಂದ್ರ ಸಿಗುತ್ತದೆ ಎಂದು ಹುಡುಕುವುದು. ಸಿಕ್ಕಿದ್ದನ್ನು ಒಂದು ಉದ್ದನೆಯ ನೋಟುಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದಿಡುವುದು. ತಾರೀಖು, ಹೊತ್ತು, ಮುಳ್ಳು ನಿಂತ ಜಾಗ, ಕೇಳಿದ ಮಾತು, ದನಿ ಎಷ್ಟು ಸ್ವಚ್ಛ ಎಂಬುದು. ಹಾಡು ಕೇಳಲು ರೇಡಿಯೋ ಹಚ್ಚುವವರು ಊರ ತುಂಬ ಇದ್ದರು. ದೂರವನ್ನು ಕೇಳಲು ಹಚ್ಚುತ್ತಿದ್ದವನು ಅವನೊಬ್ಬನೇ.

ಜಗತ್ತಿನ ತುಂಬ ಇಂಥ ಹವ್ಯಾಸಿಗಳಿದ್ದಾರೆ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ತಾವು ಕೇಳಿದ್ದನ್ನು ವಿವರವಾಗಿ ಬರೆದು ಅವರು ಆ ಕೇಂದ್ರಕ್ಕೇ ಕಳಿಸುತ್ತಾರೆ. ಬರೆದದ್ದು ತಾಳೆಯಾದರೆ ಕೇಂದ್ರದವರು "ಹೌದು, ನೀವು ಕೇಳಿದ್ದು ನಮ್ಮನ್ನೇ" ಎಂದು ಒಂದು ಕಾರ್ಡು ಕಳಿಸುತ್ತಾರೆ. ಅದಕ್ಕೆ ಕ್ಯೂಎಸ್ಎಲ್ ಕಾರ್ಡು ಎಂದು ಹೆಸರು. ನಮ್ಮ ಆಕಾಶವಾಣಿಯೂ ಅಂಥ ಕಾರ್ಡು ಕಳಿಸುತ್ತದೆ. ಕಾಕಾ ಮಾತ್ರ ಯಾರಿಗೂ ಬರೆದವನಲ್ಲ. "ನನ್ನ ಕಿವಿಗೆ ಗೊತ್ತಾದ್ರ ಸಾಕು" ಎನ್ನುತ್ತಿದ್ದ.

ನಾವು ಮನೆ ಮುಟ್ಟಿದಾಗ ಸಂಜೆ ಐದು. ಕಾಕಿ ಸಜ್ಜಿ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಹೋಳಿಗೆ ಮಾಡಿಟ್ಟಿದ್ದಳು. ಮಗಳ ಕಣ್ಣು ಮಾತ್ರ ಗೋಡೆಯ ಮೇಲೆ. ನನ್ನ ಎದೆಮಟ್ಟದಲ್ಲಿ ಗೋಡೆಯುದ್ದಕ್ಕೂ ಕಂದು ಬಣ್ಣದ ಒಂದು ಗೆರೆ.

"ಅದು ಏನು ಅಜ್ಜಾ?"

"ಹೊಳಿ ಬಂದು ಸಹಿ ಮಾಡಿ ಹೋಗೇತಿ, ಯವ್ವಾ" ಎಂದ ಕಾಕಾ.

ಐದು ತಿಂಗಳ ಹಿಂದೆ, 2019ರ ಆಗಸ್ಟಿನಲ್ಲಿ, ಘಟಪ್ರಭಾ ಉಕ್ಕಿತ್ತು. ಯಾದವಾಡ ಸೇತುವೆ ಮುಳುಗಿತ್ತು. ಕಾಕಾ, ಕಾಕಿ ಉಟ್ಟ ಬಟ್ಟೆಯಲ್ಲಿ ದನಗಳ ಹಗ್ಗ ಬಿಚ್ಚಿ ಹೊರಟಿದ್ದರು. ಕಾಕಾನ ಕಂಕುಳಲ್ಲಿ ಇದ್ದದ್ದು ಟ್ರಾನ್ಸಿಸ್ಟರ್. ನೋಟುಬುಕ್ಕುಗಳಿದ್ದ ಟ್ರಂಕು ಮನೆಯಲ್ಲೇ ಉಳಿದು ನೀರಲ್ಲಿ ನಿಂತಿತ್ತು.

ಸೂರ್ಯ ಮುಳುಗಿದ. ಕಾಕಾ ಎದ್ದು ಮನೆಯ ದೀಪಗಳನ್ನೆಲ್ಲ ಆರಿಸಿದ. ಮಗಳ ಮೊಬೈಲ್ ಚಾರ್ಜರನ್ನೂ ಗೋಡೆಯಿಂದ ಕಿತ್ತ. ಅವಳು ನನ್ನ ಮುಖ ನೋಡಿದಳು.

ಕಾಕಾ ರೇಡಿಯೋ ಹಚ್ಚಿ ಮತ್ತೆ ಒಂದು ಎಲ್‌ಇಡಿ ಬಲ್ಬಿನ ಗುಂಡಿ ಒತ್ತಿದ. ರೇಡಿಯೋದಲ್ಲಿ ಜೀರುಂಡೆ ಹೊಕ್ಕಂತೆ ಗುಂಯ್ ಎಂದಿತು. ಆರಿಸಿದ. ಗುಂಯ್ ನಿಂತಿತು. ಇಂಥ ಬಲ್ಬು, ಚಾರ್ಜರುಗಳ ಒಳಗೆ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುತ್ತಿರುತ್ತದೆ. ಆ ಗದ್ದಲವನ್ನು ಹತ್ತಿರದ ರೇಡಿಯೋ ಹಿಡಿದುಬಿಡುತ್ತದೆ.

"ದೂರಿಂದು ಕೇಳಬೇಕಾದ್ರ ಮೊದಲ ಮನ್ಯಾಗಿನ ಗದ್ಲ ಬಂದ್ ಮಾಡಬೇಕು, ತಂಗಿ" ಎಂದ.

ಅಂಗಳಕ್ಕೆ ಬಂದೆವು. ಕಾಕಾನ ಮುಧೋಳ ನಾಯಿ ಹೊರಸಿನ ಕೆಳಗೆ ಮುದುಡಿ ಮಲಗಿತು. ಮೂಸಿ ಅಲ್ಲ, ಕಣ್ಣಿಂದ ನೋಡಿ ಬೇಟೆಯಾಡುವ ತಳಿ ಅದು. ಕತ್ತಲಲ್ಲಿ ಅದಕ್ಕೆ ಕೆಲಸವಿಲ್ಲ. ನಮ್ಮ ಬೇಟೆ ಈಗ ಶುರುವಾಗಬೇಕಿತ್ತು.

ಮೊದಲು ಧಾರವಾಡ. 1950ರ ಜನವರಿ 8ರಂದು ಶುರುವಾದ ಕೇಂದ್ರ. 765 ಕಿಲೋಹರ್ಟ್ಸ್. ಪಕ್ಕದ ಮನೆಯವರು ಮಾತಾಡಿದಂತೆ ಕೇಳಿತು. ಮುಳ್ಳು ಬಲಕ್ಕೆ ಸರಿದಾಗ 1251ರಲ್ಲಿ ಸಾಂಗಲಿ, ಮರಾಠಿ. ಮುಧೋಳದಿಂದ ನೇರ ಗೆರೆ ಎಳೆದರೆ ಧಾರವಾಡವೂ ಸಾಂಗಲಿಯೂ ಹೆಚ್ಚು ಕಡಿಮೆ ಒಂದೇ ದೂರ, ಸುಮಾರು 100 ಕಿ.ಮೀ. ಒಂದು ದಕ್ಷಿಣಕ್ಕೆ, ಇನ್ನೊಂದು ವಾಯವ್ಯಕ್ಕೆ. 1948ರವರೆಗೆ ಮುಧೋಳ ಘೋರ್ಪಡೆ ಅರಸರ ಸಂಸ್ಥಾನವಾಗಿತ್ತು. ಆಮೇಲೆ 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲಿತ್ತು. ನಮ್ಮೂರ ಹಿರಿಯರಿಗೆ ಎರಡೂ ನುಡಿ ಮನೆಯ ನುಡಿಯೇ.

ಕಾಕಾ ಧಾರವಾಡ ಹಚ್ಚಿಟ್ಟು ರೇಡಿಯೋವನ್ನು ನಿಧಾನವಾಗಿ ತಿರುಗಿಸಿದ. ಒಂದು ದಿಕ್ಕಿಗೆ ದನಿ ಜೋರಾಯಿತು, ಇನ್ನೊಂದು ದಿಕ್ಕಿಗೆ ಸಣ್ಣಗಾಯಿತು. ಮಗಳು ತಾನೇ ತಿರುಗಿಸಿ ನೋಡಿದಳು. ಟ್ರಾನ್ಸಿಸ್ಟರಿನೊಳಗೆ ಫೆರೈಟ್ ಎಂಬ ಕಪ್ಪು ಸರಳಿಗೆ ತಂತಿ ಸುತ್ತಿರುತ್ತದೆ. ಅದೇ ಮಧ್ಯಮ ತರಂಗದ ಆಂಟೆನಾ. ಸರಳಿನ ಮಗ್ಗುಲು ಕೇಂದ್ರದ ಕಡೆಗಿದ್ದರೆ ದನಿ ಜೋರು. ತುದಿ ಕೇಂದ್ರದ ಕಡೆಗಿದ್ದರೆ ಸಣ್ಣದು. ಮನೆಯಲ್ಲಿ ಹಳೆಯ ರೇಡಿಯೋ ಇದ್ದರೆ ನೀವೂ ಮಾಡಿ ನೋಡಿ. ದಿಕ್ಸೂಚಿಯಿಲ್ಲದೆ ಕೇಂದ್ರ ಯಾವ ನೇರದಲ್ಲಿದೆ ಎಂದು ಹೇಳಬಹುದು.

ಕತ್ತಲೆ ದಟ್ಟವಾದಂತೆ ಮುಳ್ಳು ಸರಿದಲ್ಲೆಲ್ಲ ದನಿಗಳು ಎದ್ದವು. 1107ರಲ್ಲಿ ಕಲಬುರಗಿ, 612ರಲ್ಲಿ ಬೆಂಗಳೂರು, 738ರಲ್ಲಿ ಹೈದರಾಬಾದಿನ ತೆಲುಗು, 1044ರಲ್ಲಿ ಮುಂಬಯಿ.

"ಬೆಂಗಳೂರು ಇಲ್ಲಿಗೆ ಹೇಗೆ ಬರುತ್ತೆ? 400 ಕಿಲೋಮೀಟರಿಗಿಂತ ಜಾಸ್ತಿ ಇದೆಯಲ್ಲ!" ಎಂದಳು ಮಗಳು.

"ಹಗಲಿ ಆಕಾಶ ನಮ್ಮ ಎರಿ ಹೊಲ ಇದ್ದಂಗ. ಮೊದಲ ಮಳಿ ನೀರನ್ನ ಹೆಂಗ ಕುಡದ ಬಿಡತೈತಿ, ಹಂಗ ಮ್ಯಾಲ ಹೋದ ಅಲಿ ಎಲ್ಲಾ ಕುಡದ ಬಿಡತೈತಿ. ರಾತ್ರಿ ಕುಡಿಯೂದ ನಿಲ್ಲಸ್ತೈತಿ" ಎಂದ ಕಾಕಾ.

ನಾನು ವಿಜ್ಞಾನದ ಮಾತು ಸೇರಿಸಿದೆ. ನೆಲದಿಂದ ಸುಮಾರು 60 ಕಿ.ಮೀ. ಮೇಲಿನಿಂದ ಅಯಾನುಗೋಳ ಶುರುವಾಗುತ್ತದೆ. ಬಿಸಿಲು ಅಲ್ಲಿನ ಗಾಳಿಯ ಅಣುಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸಿ ಪದರಗಳನ್ನು ಮಾಡುತ್ತದೆ. ಎಲ್ಲಕ್ಕೂ ಕೆಳಗಿನ ಡಿ ಪದರ ಮಧ್ಯಮ ತರಂಗದ ಅಲೆಗಳನ್ನು ಹಗಲಿಡೀ ಹೀರುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಬೇಗನೆ ಕರಗುತ್ತದೆ. ಆಗ ಅಲೆಗಳು ಇನ್ನೂ ಮೇಲಿನ ಪದರಗಳಿಗೆ ತಾಗಿ, ಗೋಡೆಗೆ ಹೊಡೆದ ಚೆಂಡಿನಂತೆ, ನೂರಾರು ಕಿ.ಮೀ. ಆಚೆ ನೆಲಕ್ಕೆ ಮರಳುತ್ತವೆ. 1924ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಆ್ಯಪಲ್ಟನ್ ಬಿಬಿಸಿಯ ಒಂದು ಪ್ರಸಾರದ ನೆರವಿನಿಂದಲೇ ಮೇಲೆ ಇಂಥ ಪದರವಿದೆ ಎಂದು ತೋರಿಸಿದ. 1947ರಲ್ಲಿ ಅವನಿಗೆ ನೊಬೆಲ್ ಬಂತು.

ಮಗಳು ಸಂಖ್ಯೆಗಳನ್ನು ಬರೆದುಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿಗೆ, "ಅಪ್ಪಾ, ಎಲ್ಲಾ ಒಂಬತ್ತರ ಮಗ್ಗಿ!" ಎಂದು ಕೂಗಿದಳು. 765ರ ಅಂಕಿಗಳನ್ನು ಕೂಡಿ, 18. 612ಕ್ಕೆ 9. 1107ಕ್ಕೂ 9. ನಮ್ಮ ಭಾಗದ ದೇಶಗಳಲ್ಲಿ ಮಧ್ಯಮ ತರಂಗದ ಕೇಂದ್ರಗಳ ನಡುವೆ 9 ಕಿಲೋಹರ್ಟ್ಸ್ ಅಂತರವಿರಬೇಕೆಂಬ ಒಪ್ಪಂದವಿದೆ. ಅದಕ್ಕೇ ಎಲ್ಲ ಸಂಖ್ಯೆಗಳೂ 9ರಿಂದ ಭಾಗವಾಗುತ್ತವೆ. ಇಷ್ಟು ವರ್ಷ ರೇಡಿಯೋ ಕೇಳಿದ ಕಾಕಾನಿಗೂ ಇದು ಹೊಳೆದಿರಲಿಲ್ಲ. ಅವನು ಅವಳ ಬೆನ್ನು ಚಪ್ಪರಿಸಿ ಒಳಗೆ ಹೋದ. ಬರುವಾಗ ಕೈಯಲ್ಲಿ ಊದಿ ದಪ್ಪಗಾದ ಒಂದು ನೋಟುಬುಕ್ಕು ಇತ್ತು.

"ಇದನ್ನ ನಿಮ್ಮಪ್ಪಗ ತೋರಸ್ಬೇಕಂತ ಇಟ್ಟೇನಿ" ಎಂದು ಟಾರ್ಚು ಹಚ್ಚಿ ಒಂದು ಪುಟ ತೆರೆದ. ನನಗೆ ಎದೆ ಧಸಕ್ಕೆಂದಿತು.

ನಾನಾಗ ಆರನೇ ಇಯತ್ತೆ. ಕಾಕಾನ ಜೊತೆ ಕೂತು ಕೇಳುತ್ತಿದ್ದೆ. ಒಂದು ರಾತ್ರಿ ಅವನು ನೀರು ಹಾಯಿಸಲು ಹೋದಾಗ ಮುಳ್ಳು ತಿರುಗಿಸುತ್ತ ನನಗೊಂದು ದನಿ ಸಿಕ್ಕಿತು. ತಮಿಳಿನಂತೆ ಕೇಳಿತು. ಅರ್ಧ ನಿಮಿಷದಲ್ಲಿ ಮುಳುಗಿಹೋಯಿತು. ನಾನು ನನ್ನ ಶಾಯಿ ಪೆನ್ನು ತೆಗೆದು ದೊಡ್ಡ ಅಕ್ಷರದಲ್ಲಿ "ಶ್ರೀಲಂಕಾ" ಎಂದು ಬರೆದೆ. ಮರುದಿನ ಶಾಲೆಯಲ್ಲಿ ಡಂಗುರ ಸಾರಿದೆ. ಗುರುಗಳು ನನ್ನನ್ನು ನಿಲ್ಲಿಸಿ ಎಲ್ಲರಿಂದ ಚಪ್ಪಾಳೆ ಹೊಡೆಸಿದರು.

ಸಂಜೆ ಕಾಕಾ ಪುಟ ನೋಡಿದ.

"ಶ್ರೀಲಂಕಾ ಅಂತ ಅಂವ ಹೇಳಿದ್ನೇನು?"

"ಇಲ್ಲ. ತಮಿಳು ಇತ್ತು."

"ತಮಿಳು ಮದ್ರಾಸಿಂದೂ ಬರತೈತಿ, ತಿರುಚ್ಚಿಯಿಂದೂ ಬರತೈತಿ. ತಮಿಳ ಅನ್ನೂದರ ಖರೇನ?"

ನಾನು ಸುಮ್ಮನಾದೆ. ಕಾಕಾ ಬೈಯಲಿಲ್ಲ. ಪೆನ್ಸಿಲ್ ತೆಗೆದು ನನ್ನ ಅಕ್ಷರಗಳ ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿದ. "ಕೇಳಿದ್ದು ಬರಿ, ತಮ್ಮಾ. ಕೇಳಬೇಕು ಅನ್ನಿಸಿದ್ದು ಬರೀಬ್ಯಾಡ" ಎಂದ. ಮರುದಿನ ಶಾಲೆಯಲ್ಲಿ ಎದ್ದು ನಿಂತು, ಅದು ಶ್ರೀಲಂಕಾ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ ಎಂದು ಹೇಳಿದೆ. ಹುಡುಗರು ನಕ್ಕರು. ವರ್ಷವಿಡೀ ನನ್ನನ್ನು "ಲಂಕಾ" ಎಂದೇ ಕರೆದರು.

ಈಗ ಟಾರ್ಚಿನ ಬೆಳಕಲ್ಲಿ ಅದೇ ಪುಟ. ಹೊಳೆಯ ನೀರಿಗೆ ನನ್ನ ಶಾಯಿ ಕರಗಿ "ಶ್ರೀಲಂಕಾ" ಇದ್ದ ಜಾಗದಲ್ಲಿ ಒಂದು ನೀಲಿ ಕಲೆ ಮಾತ್ರ ಉಳಿದಿತ್ತು. ಕಾಕಾನ ಪೆನ್ಸಿಲಿನ ಪ್ರಶ್ನೆ ಚಿಹ್ನೆ ಹಾಗೇ ಇತ್ತು. ಪೆನ್ಸಿಲಿನ ಗ್ರಾಫೈಟ್ ನೀರಲ್ಲಿ ಕರಗುವುದಿಲ್ಲ.

ನಾವಿಬ್ಬರೂ ನಕ್ಕೆವು. ಆಮೇಲೆ ಕಾಕಾ ಪ್ರವಾಹದ ಒಂದು ರಾತ್ರಿಯ ಕತೆ ಹೇಳಿದ. ಆಗ ಅವರು ಒಂದು ಶಾಲೆಯಲ್ಲಿದ್ದರು. ಕರೆಂಟು ಇಲ್ಲ, ಬಹಳ ಜನರ ಮೊಬೈಲ್ ಸತ್ತಿತ್ತು. ನಡುರಾತ್ರಿ ಯಾರೋ "ಹಿಡಕಲ್ ಡ್ಯಾಮ್ ಒಡೀತಂತ!" ಎಂದು ಕೂಗಿದರು. ಜನ ಕೂಸುಗಳನ್ನು ಎತ್ತಿಕೊಂಡು ಕತ್ತಲಲ್ಲಿ ಬಾಗಿಲಿಗೆ ನುಗ್ಗಿದರು. ಒಬ್ಬ ಮುದುಕಿ ಮೆಟ್ಟಿಲು ಎಡವಿ ಬಿದ್ದಳು. ಕಾಕಾ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಕೇಳಿದನಂತೆ, "ನೀ ನಿನ್ನ ಕಿವೀಲೆ ಕೇಳಿದೇನು? ಯಾರು ಹೇಳಿದ್ರು?" ಒಬ್ಬ ಇನ್ನೊಬ್ಬನನ್ನು ತೋರಿಸಿದ, ಅವನು ಮತ್ತೊಬ್ಬನನ್ನು.

"ಸಂಜಿ ರೇಡಿಯೋದಾಗ ಡ್ಯಾಮಿನಿಂದ ನೀರು ಬಿಟ್ಟಾರ ಅಂತ ಹೇಳಿದ್ರು. ಒಡೀತು ಅಂತ ಹೇಳಲಿಲ್ಲ. ನಾ ಕೇಳಿದ್ದು ಅಷ್ಟ, ಅಷ್ಟ ಹೇಳಿದೆ. ಒಡದಿಲ್ಲ ಅಂತನೂ ನಾ ಹೇಳಲಿಲ್ಲ. ಮೊದಲ ಯಾರನ್ನರ ಕೇಳೂಣು, ಆಮ್ಯಾಲ ಓಡೂಣು ಅಂದೆ."

ಯಾರದೋ ಮೊಬೈಲಿನಲ್ಲಿ ಚೂರು ಚಾರ್ಜ್ ಇತ್ತು. ಅಧಿಕಾರಿಯೊಬ್ಬರಿಗೆ ಫೋನು ಹಚ್ಚಿ ಕೇಳಿದರು. ಡ್ಯಾಮ್ ಗಟ್ಟಿಯಾಗಿಯೇ ಇತ್ತು. ಜನ ಒಳಗೆ ಬಂದು ಮಲಗಿದರು.

ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಆ ಗೋಡೆಯ ಗೆರೆ ಅವಳಿಗೆ ಈಗ ಬೇರೆಯಾಗಿ ಕಂಡಿರಬೇಕು.

ಹನ್ನೊಂದು ದಾಟಿತು. ಧಾರವಾಡ ಶುಭರಾತ್ರಿ ಹೇಳಿ ಮುಗಿಸಿತು. ದೂರದ ಬೇಟೆಗೆ ಇದೇ ಸುಸಮಯ. ಹತ್ತಿರದ ದೊಡ್ಡ ದನಿಗಳು ಮಲಗಿದ ಮೇಲೆ ಅವುಗಳ ಹಿಂದಿದ್ದ ಸಣ್ಣ ದನಿಗಳು ಏಳುತ್ತವೆ. ಎಫ್ಎಂನಲ್ಲಿ ಈ ಸುಖವಿಲ್ಲ. ಅದರ ಅಲೆಗಳು ಸಾಮಾನ್ಯವಾಗಿ ಆಕಾಶಕ್ಕೆ ತಾಗಿ ಮರಳುವುದಿಲ್ಲ, ಆಚೆಗೆ ಹೋಗಿಬಿಡುತ್ತವೆ. ಈಗ ಎಷ್ಟೋ ದೇಶಗಳು ಮಧ್ಯಮ ತರಂಗದ ಕೇಂದ್ರಗಳನ್ನು ಒಂದೊಂದಾಗಿ ಮುಚ್ಚುತ್ತಿವೆ. ಕಾಕಾನ ಹಳೆಯ ಪುಟಗಳಲ್ಲಿರುವ ಕೆಲವು ದನಿಗಳು ಇನ್ನು ಸಿಗಲಾರವು.

ಮಗಳು ರೇಡಿಯೋವನ್ನು ಮಡಿಲಲ್ಲಿಟ್ಟುಕೊಂಡು ಮುಳ್ಳನ್ನು ಕೂದಲೆಳೆಯಷ್ಟೇ ಸರಿಸುತ್ತಿದ್ದಳು. ಸುಂಯ್ ಎಂಬ ಸದ್ದು. ಮತ್ತೆ ಸುಂಯ್. ಆಮೇಲೆ ಬಾವಿಯ ತಳದಿಂದ ಬಂದಂತೆ ಒಂದು ದನಿ. ಅವಳು ಉಸಿರು ಬಿಗಿಹಿಡಿದು ರೇಡಿಯೋವನ್ನು ಸ್ವಲ್ಪವೇ ತಿರುಗಿಸಿದಳು. ದನಿ ಹತ್ತಿರ ಬಂತು, ಹಿಂದೆ ಸರಿಯಿತು, ಮತ್ತೆ ಬಂತು. ನಾಯಿಯೂ ತಲೆಯೆತ್ತಿತು. ಒಂದು ನಿಮಿಷವಾಗಿರಬಹುದು. ದನಿ ಮುಳುಗಿತು.

"ಶ್ರೀಲಂಕಾನಾ ಅಪ್ಪಾ?" ಎಂದು ಪಿಸುಗುಟ್ಟಿದಳು.

ಹೌದು ಎನ್ನಬೇಕೆಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕಾಕಾ ನನ್ನ ಕಡೆ ನೋಡಿದ. ನಾನು ಅವಳ ಕೈಗೆ ಪೆನ್ಸಿಲ್ ಕೊಟ್ಟೆ.

ಅವಳು ಯೋಚಿಸಿ, ಟಾರ್ಚಿನ ಬೆಳಕಲ್ಲಿ ಒಂದೊಂದೇ ಬರೆದಳು. "ರಾತ್ರಿ 11.25. ಮುಳ್ಳು 70 ಮತ್ತು 80ರ ನಡುವೆ. ಹೆಂಗಸಿನ ದನಿ. ಹಾಡಲ್ಲ, ಮಾತು. ಭಾಷೆ ಗೊತ್ತಾಗಲಿಲ್ಲ." ಸ್ವಲ್ಪ ತಡೆದು, ಕೊನೆಗೆ ತಾನಾಗಿಯೇ ಒಂದು ಪ್ರಶ್ನೆ ಚಿಹ್ನೆ ಹಾಕಿದಳು.

ಕಾಕಾ ಕನ್ನಡಕ ಏರಿಸಿ ಓದಿದ. "ಖರೇ ಬರದಿ ನೋಡ" ಎಂದು ನೋಟುಬುಕ್ಕನ್ನು ಅವಳ ಕೈಗೇ ಕೊಟ್ಟ. "ಉಳದ ಹಾಳಿ ಎಲ್ಲಾ ನಿಂದ."