ಹುತ್ತವಿಲ್ಲದ ಗೆದ್ದಲು

ಗೆದ್ದಲು ಎಂದೊಡನೆ ನಿಮ್ಮ ಕಣ್ಣಮುಂದೆ ನಿಲ್ಲುವುದು ಹೊಲದ ಬದುವಿನ ಹುತ್ತವೇ ಅಲ್ಲವೇ? ನಮ್ಮ ಕಡೆ ಆಳೆತ್ತರದ ಹುತ್ತ ಕಟ್ಟುವುದು ಒಡಾಂಟೊಟರ್ಮಿಸ್ ಒಬೆಸಸ್ ಎಂಬ ಜಾತಿ. ಆದರೆ ಚಳ್ಳಕೆರೆ ಸೀಮೆಯ ಶೇಂಗಾ ಬೆಳೆಯುವ ಮನೆಯಲ್ಲಿ ಹುಟ್ಟಿದ ನಾನು ಹೆಚ್ಚು ಅಂಜುವುದು ಹುತ್ತವನ್ನೇ ಕಟ್ಟದ ಅದರ ಪುಟ್ಟ ನೆಂಟ ಮೈಕ್ರೊಟರ್ಮಿಸ್‌ಗೆ. ನೆಲದಡಿಯ ಸಣ್ಣ ಸಣ್ಣ ಗೂಡುಗಳಲ್ಲಿ ಚದುರಿಕೊಂಡಿದೆ ಅದರ ಸಂಸಾರ. ಹುತ್ತ ಅಗೆದು ರಾಣಿಯನ್ನು ಹೊರತೆಗೆಯುವ ಹಳೆಯ ಉಪಾಯ ಇಲ್ಲಿ ನಡೆಯದು; ಎಲ್ಲಿ ಎಂದು ಅಗೆಯುತ್ತೀರಿ?

ಮಳೆ ಕೈಕೊಟ್ಟ ವರ್ಷ ಇದರ ಉಪಟಳ ಅಧಿಕ. ನಿನ್ನೆಯವರೆಗೆ ಹಸಿರಾಗಿದ್ದ ಗಿಡ ಬಾಡುತ್ತದೆ. ಹಿಡಿದೆಳೆದರೆ ಸಲೀಸಾಗಿ ಕೈಗೆ ಬರುತ್ತದೆ. ತಾಯಿಬೇರು ಟೊಳ್ಳಾಗಿ ಅದರೊಳಗೆ ಮಣ್ಣು ತುಂಬಿರುತ್ತದೆ. ಅರೆಬರೆ ಕಳಿತ ಕೊಟ್ಟಿಗೆ ಗೊಬ್ಬರ, ಹೊಲದಲ್ಲೇ ಉಳಿದ ಕೂಳೆ, ಇವು ಅದಕ್ಕೆ ಆಮಂತ್ರಣ. ತಿಂದದ್ದನ್ನು ಈ ಗೆದ್ದಲು ಗೂಡಿನಲ್ಲಿ ಹಾಸಿ ಅದರ ಮೇಲೆ ಶಿಲೀಂಧ್ರದ ಬೆಳೆ ತೆಗೆಯುತ್ತದೆ. ಮನುಷ್ಯನು ನೇಗಿಲು ಹಿಡಿಯುವುದಕ್ಕೆ ಕೋಟ್ಯಂತರ ವರ್ಷ ಮೊದಲೇ ಇವು ಒಕ್ಕಲುತನ ಕಲಿತಿದ್ದವು! ತಂದೆಯವರ ಕಾಲದಲ್ಲಿ ಸಾಲಿಗೆ ಬಿಎಚ್‌ಸಿ ಪುಡಿ ಉದುರಿಸುತ್ತಿದ್ದರು. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಆ ವಿಷವನ್ನು 1997ರಲ್ಲಿ ಭಾರತ ನಿಷೇಧಿಸಿತು.

ಗಿಡ ಸತ್ತರೆ ಕಣ್ಣಿಗಾದರೂ ಕಾಣುತ್ತದೆ. ನನ್ನನ್ನು ಹೆಚ್ಚು ಕಾಡುವುದು ಕಾಯಿಯ ಸಂಗತಿ. ಬಲಿತ ಕಾಯಿ ನೆಲದಲ್ಲೇ ಉಳಿದರೆ ಗೆದ್ದಲುಗಳು ಸಿಪ್ಪೆಯ ಗೆರೆಗಳ ನಡುವಿನ ಮೆದುಭಾಗವನ್ನು ಕೆರೆದು ತಿನ್ನುತ್ತವೆ. ಒಳಗಿನ ಕಾಳು ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ನಮ್ಮ ಮನೆಯಲ್ಲಿ ಒಳ್ಳೆಯ ಕಾಯಿ ಮಂಡಿಗೆ, ಕೆರೆದ ಕಾಯಿ ಅಡುಗೆಮನೆಗೆ ಎಂಬುದು ರೂಢಿಯಾಗಿತ್ತು. ಅಮ್ಮ ಅದನ್ನೇ ಹುರಿದು ಚಟ್ನಿಪುಡಿ ಮಾಡುತ್ತಿದ್ದಳು. ಬಡ ಒಕ್ಕಲು ಮನೆಗಳಲ್ಲಿ ಇನ್ನೇನು ಮಾಡಿಯಾರು? ಆದರೆ ತೆಳುವಾದ ಆ ಸಿಪ್ಪೆಯ ಮೂಲಕ ಆಸ್ಪರ್ಜಿಲಸ್ ಎಂಬ ಬೂಷ್ಟು ಸುಲಭವಾಗಿ ಒಳಹೊಕ್ಕು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡಬಲ್ಲದು. ಅದು ಯಕೃತ್ತಿಗೆ ಹಾನಿಕರ. ಹುರಿದರೂ ಪೂರ್ತಿ ನಾಶವಾಗದು. ಬೂಷ್ಟು ಹಿಡಿದ ಕಾಳನ್ನು ದನಕ್ಕಾದರೂ ಹಾಕೋಣವೆಂದರೆ ಅದರ ಅಂಶ ಹಾಲಿಗೂ ಇಳಿಯುತ್ತದೆ.

ಈಗ ಹೊಲ ನೋಡಿಕೊಳ್ಳುವ ನನ್ನ ಅಣ್ಣ ಕಾಯಿ ಬಲಿತ ವಾರದಲ್ಲೇ ಕೀಳಿಸುತ್ತಾನೆ. ಕೂಲಿಯಾಳು ಸಿಗದ ದಿನ ಮನೆಮಂದಿಯೆಲ್ಲ ಹೊಲಕ್ಕಿಳಿಯುತ್ತಾರೆ. ಕಿತ್ತದ್ದನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಮೇಲೆಯೇ ಚೀಲ ಕಟ್ಟುವುದು. ಕೆರೆದ ಕಾಯಿಯನ್ನು ಅತ್ತಿಗೆ ಬೇರೆ ಮೊರದಲ್ಲಿ ಆರಿಸಿಡುತ್ತಾಳೆ. ಅದು ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ.