ಅಪಸ್ವರಕ್ಕೆ ಅಂಜದವರು

ಕಾಫಿಯ ಮಲೆಗಳಿಗೆ ಇಂಗ್ಲೆಂಡು ಅಪರಿಚಿತ ದೇಶವೇನೂ ಅಲ್ಲ. ಹೆಗ್ಗದ್ದೆಯೂ ಸೇರಿದಂತೆ ಮಂಜರಾಬಾದಿನ ಸೀಮೆಗೆ ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದಲೇ ಆಂಗ್ಲ ತೋಟಗಾರರು ಬಂದು ನೆಲೆಸಿದರು. ಅವರಲ್ಲೊಬ್ಬನಾದ ರಾಬರ್ಟ್ ಎಲಿಯಟ್, ಮೈಸೂರಿನ ಕಾಡುಗಳಲ್ಲಿ ತಾನು ಪಡೆದ ಅನುಭವಗಳನ್ನು 1871ರಷ್ಟು ಹಿಂದೆಯೇ ಪುಸ್ತಕವಾಗಿ ಪ್ರಕಟಿಸಿದನು. ಬಂಗಲೆ, ಕುದುರೆ, ಬೇಟೆಯ ಬಂದೂಕು, ಸಂಜೆಯ ಕ್ಲಬ್ಬು—ಮಲೆನಾಡು ಕಂಡ ಇಂಗ್ಲೆಂಡು ಇದು. ಆದರೆ ಆ ದೇಶದಲ್ಲಿಯೂ ಗೋರಿ ತೋಡುವವರಿದ್ದರು, ಶೌಚಾಲಯ ತೊಳೆಯುವವರಿದ್ದರು. ಅಂಥವರು ದೊರೆಗಳಾಗಿ ಹಡಗೇರಿ ಬರಲಿಲ್ಲವಾದ್ದರಿಂದ ಅವರ ಇಂಗ್ಲೆಂಡು ಈ ಬೆಟ್ಟಗಳಿಗೆ ಕಾಣಿಸಲಿಲ್ಲ. ಬಹುಕಾಲದ ಮೇಲೆ, ಬಂಗಲೆಗಳು ಕೈ ಬದಲಾಯಿಸಿ ವರ್ಷಗಳೇ ಸಂದ ಬಳಿಕ, ಆ ಇನ್ನೊಂದು ಇಂಗ್ಲೆಂಡು ಗಿಟಾರನ್ನು ಕೈಗೆತ್ತಿಕೊಂಡು ಕೂಗಿತು. ಆ ಕೂಗಿನ ಕಥೆ, ಮಕ್ಕಳನ್ನು ಬೆಳೆಸುವ ಯಾವ ಮನೆಯಲ್ಲಿಯಾದರೂ ಕೇಳತಕ್ಕಂಥದು.

1976ರಲ್ಲಿ ಬ್ರಿಟನ್ನಿನ ಸ್ಥಿತಿ ಹೀನವಾಗಿತ್ತು. ನಿರುದ್ಯೋಗಿಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿತ್ತು; ಒಂದು ಕಾಲಕ್ಕೆ ಲೋಕಕ್ಕೆಲ್ಲ ಸಾಲ ಕೊಟ್ಟ ದೇಶ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕಾಗಿ ಕೈಯೊಡ್ಡಿತ್ತು. ಅಲ್ಲಿನ ರಾಕ್ ಸಂಗೀತವಾದರೋ ಶ್ರೀಮಂತವಾಗಿ, ಜನಸಾಮಾನ್ಯರಿಂದ ದೂರವಾಗಿ ಬೆಳೆದಿತ್ತು. ಒಂದೊಂದು ಕೃತಿ ಇಪ್ಪತ್ತು ನಿಮಿಷಗಳವರೆಗೂ ಹರಿಯುತ್ತಿತ್ತು. ಅದನ್ನು ನುಡಿಸಲು ಬೇಕಾದ ಉಪಕರಣಗಳನ್ನು ಸಾಮಾನ್ಯ ತರುಣನು ಕೊಳ್ಳುವುದಂತಿರಲಿ, ಮುಟ್ಟುವುದೂ ಕಷ್ಟವಾಗಿತ್ತು.

ಆ ವರ್ಷ ಲಂಡನ್ನಿನಲ್ಲಿ ನಾಲ್ವರು ತರುಣರು ಕೂಡಿ 'ದಿ ಡ್ಯಾಮ್ಡ್', ಎಂದರೆ 'ಶಾಪಗ್ರಸ್ತರು', ಎಂಬ ಗೋಷ್ಠಿಯನ್ನು ಕಟ್ಟಿದರು. ಹಾಡುಗಾರ ಡೇವ್ ವೇನಿಯನ್ ಗೋರಿ ತೋಡುವ ಕೆಲಸದಲ್ಲಿದ್ದವನು. ಇನ್ನಿಬ್ಬರು ಕ್ರಾಯ್ಡನ್ನಿನ ಫೇರ್‌ಫೀಲ್ಡ್ ಹಾಲ್ಸ್ ಎಂಬ ಸಂಗೀತಮಂದಿರದಲ್ಲಿ ಕೂಲಿ ಮಾಡಿದವರು. ಅವರಲ್ಲೊಬ್ಬನ ಪಾಲಿಗೆ ಬಂದದ್ದು ಶೌಚಾಲಯ ತೊಳೆಯುವ ಕೆಲಸ. ದೊಡ್ಡ ವಿದ್ವಾಂಸರು ನುಡಿಸುವ ವೇದಿಕೆಯ ಹಿಂಬದಿಯಲ್ಲಿ ಪೊರಕೆ ಹಿಡಿದಿದ್ದ ಅವನು 'ಕ್ಯಾಪ್ಟನ್ ಸೆನ್ಸಿಬಲ್', ಅಂದರೆ 'ವಿವೇಕಿ ದಳಪತಿ', ಎಂದು ಹೆಸರಾದನು. ತಮಟೆ ಬಾರಿಸುವಂತೆ ಡ್ರಮ್ಮು ಬಾರಿಸುವ ಅವನ ಸಂಗಡಿಗನು 'ರ‍್ಯಾಟ್ ಸ್ಕೇಬೀಸ್', ಅಂದರೆ 'ಇಲಿಕಜ್ಜಿ', ಎಂದಾದನು. ಗಿಟಾರ್ ನುಡಿಸುತ್ತಿದ್ದ ಬ್ರಯನ್ ಜೇಮ್ಸ್ ಮೊದಲಿನ ಹಾಡುಗಳನ್ನು ರಚಿಸಿದವನು. 1976ರ ಜುಲೈ 6ರಂದು, ಲಂಡನ್ನಿನ '100 ಕ್ಲಬ್'ನಲ್ಲಿ, ಸೆಕ್ಸ್ ಪಿಸ್ಟಲ್ಸ್ ಎಂಬ ಗೋಷ್ಠಿಯ ಮುಂಚೆ ಇವರು ಮೊದಲ ಬಾರಿಗೆ ವೇದಿಕೆಯೇರಿದರು.

ಇಂಥವರ ಸಂಗೀತಕ್ಕೆ 'ಪಂಕ್' ಎಂಬ ಹೆಸರು ಬಿದ್ದಿತು. ಆಂಗ್ಲರಲ್ಲಿ ಅದು ಕೆಲಸಕ್ಕೆ ಬಾರದ ಪೋಕರಿಗೆ ಹೇಳುವ ಮಾತು. ಕನ್ನಡದ ಕಿವಿಗಾದರೋ ಅದು 'ಪಂಕ' ಎಂದೇ ಕೇಳಿಸುತ್ತದೆ. ಕೆಸರಿಗೂ ಕಮಲಕ್ಕೂ ಇರುವ ನಂಟನ್ನು ಕನ್ನಡಿಗರಿಗೆ ಬೇರೆ ಹೇಳಬೇಕಾಗಿಲ್ಲ. 1976ರ ಅಕ್ಟೋಬರ್ 22ರಂದು ಸ್ಟಿಫ್ ಎಂಬ ಪುಟ್ಟ ಕಂಪನಿಯ ಮೂಲಕ ಹೊರಬಂದ ಡ್ಯಾಮ್ಡ್ ಗೋಷ್ಠಿಯ ಮೊದಲ ಧ್ವನಿಮುದ್ರಿಕೆಯ ಹೆಸರೂ 'ನ್ಯೂ ರೋಸ್', ಹೊಸ ಗುಲಾಬಿ. ಮೂರು ನಿಮಿಷವೂ ಇಲ್ಲದ ಆ ಹಾಡೇ ಬ್ರಿಟಿಷ್ ಪಂಕ್ ಗೋಷ್ಠಿಯೊಂದರ ಪ್ರಥಮ ಬಿಡಿ ಮುದ್ರಿಕೆಯೆಂದು ಎಣಿಕೆಗೆ ಬಂದಿದೆ. ಸೆಕ್ಸ್ ಪಿಸ್ಟಲ್ಸ್ ಗೋಷ್ಠಿಯ ಮೊದಲ ಮುದ್ರಿಕೆ ಬಂದದ್ದು ಐದು ವಾರಗಳ ಬಳಿಕ, ನವೆಂಬರ್ 26ರಂದು. ಇಡೀ ಆಲ್ಬಮ್ಮನ್ನು ಮೊದಲು ತಂದವರೂ ಶಾಪಗ್ರಸ್ತರೇ: ನಿಕ್ ಲೋ ನಿರ್ಮಿಸಿದ ಅದು 1977ರ ಫೆಬ್ರವರಿಯಲ್ಲಿ ಹೊರಬಂದಿತು. ಅದೇ ಏಪ್ರಿಲ್‌ನಲ್ಲಿ ಅವರು ನ್ಯೂಯಾರ್ಕಿನಲ್ಲಿ ನುಡಿಸಿ, ಅಮೆರಿಕದಲ್ಲಿ ಸಂಚಾರ ಮಾಡಿದ ಮೊದಲ ಬ್ರಿಟಿಷ್ ಪಂಕ್ ಗೋಷ್ಠಿಯೆನಿಸಿಕೊಂಡರು.

ಇಷ್ಟೆಲ್ಲ ಮೊದಲುಗಳಿದ್ದೂ, ಪಂಕ್ ಎಂದೊಡನೆ ಲೋಕದ ನಾಲಗೆಯ ಮೇಲೆ ಬರುವ ಹೆಸರು ಇವರದಲ್ಲ. 1976ರ ಡಿಸೆಂಬರ್ 1ರಂದು ಸೆಕ್ಸ್ ಪಿಸ್ಟಲ್ಸ್ ದೂರದರ್ಶನದಲ್ಲಿ ಆಡಿದ ಹೊಲಸು ಮಾತುಗಳು ಮರುದಿನದ ಪತ್ರಿಕೆಗಳನ್ನೆಲ್ಲ ತುಂಬಿದವು. ಕೂಡಿ ಹೊರಡಬೇಕಾಗಿದ್ದ ಪ್ರವಾಸದ ಬಹುಪಾಲು ಕಛೇರಿಗಳು ರದ್ದಾದವು. ಡ್ಯಾಮ್ಡ್ ಗೋಷ್ಠಿಯನ್ನು ಆ ಪ್ರವಾಸದ ನಡುವೆಯೇ ಕೈಬಿಡಲಾಯಿತು. ಕೀರ್ತಿ ಬಯ್ದವನ ಕೊರಳಿಗೆ ಬಿದ್ದಿತು. ಮೊದಲು ಹಾಡಿದವನು ಬದಿಗೆ ನಿಂತನು. ಲೋಕದಲ್ಲಿ ಇದು ಹೊಸದಲ್ಲ.

ಮುಂದಿನ ಪೆಟ್ಟು ಹೊರಗಿನಿಂದ ಬಂದದ್ದಲ್ಲ. ಎರಡನೆಯ ಆಲ್ಬಮ್ಮಿಗೆ ಪಿಂಕ್ ಫ್ಲಾಯ್ಡ್ ಗೋಷ್ಠಿಯನ್ನು ಕಟ್ಟಿದವರಲ್ಲೊಬ್ಬನಾಗಿ ಬಹುಬೇಗ ದೂರ ಸರಿದಿದ್ದ ಸಿಡ್ ಬ್ಯಾರೆಟ್ ನಿರ್ಮಾಪಕನಾಗಲೆಂದು ಅವರು ಬಯಸಿದ್ದರು. ಅವನು ದೊರೆಯಲಿಲ್ಲ, ದೊರೆತವನು ಅದೇ ಗೋಷ್ಠಿಯ ನಿಕ್ ಮೇಸನ್. ಯಾವ ದೀರ್ಘ ಸಂಗೀತದ ವಿರುದ್ಧ ಪಂಕ್ ಸಿಡಿದೆದ್ದಿತೋ ಆ ಮನೆಯವನೇ ಬಂದು ಕುಳಿತಂತಾಯಿತು. 1977ರ ನವೆಂಬರಿನಲ್ಲಿ ಬಂದ ಆ ಕೃತಿಯನ್ನು ಯಾರೂ ಮೆಚ್ಚಲಿಲ್ಲ, ಕಂಪನಿ ಕೈಬಿಟ್ಟಿತು, 1978ರ ಫೆಬ್ರವರಿಯ ಹೊತ್ತಿಗೆ ಗೋಷ್ಠಿ ಒಡೆಯಿತು. ಬರಿಯ ಆವೇಶದ ಬಂಡವಾಳ ಎರಡು ವರ್ಷವೂ ಸಾಲಲಿಲ್ಲ.

ಹೆಗ್ಗದ್ದೆಯ ಸುತ್ತಿನ ಬೆಳೆಗಾರರಿಗೆ ಇದರ ಗುಟ್ಟು ತಿಳಿದೀತು. ಬೇಸಗೆಯ ಮೊದಲ ಹೂಮಳೆ ಬಿದ್ದ ಕೆಲವೇ ದಿನಗಳಲ್ಲಿ ಕಾಫಿಯ ತೋಟವೆಲ್ಲ ಒಮ್ಮೆಗೇ ಬೆಳ್ಳಗೆ ಅರಳುತ್ತದೆ. ಮಲ್ಲಿಗೆಯಂಥ ಕಂಪು ರಸ್ತೆಯವರೆಗೂ ಹರಿಯುತ್ತದೆ. ಅಪರಿಚಿತನು ನೋಡಿ ಬೆರಗಾಗುತ್ತಾನೆ. ಬೆಳೆಗಾರನು ಆಕಾಶ ನೋಡುತ್ತಾನೆ. ಎರಡು ಮೂರು ವಾರಗಳಲ್ಲಿ ಇನ್ನೊಂದು ಮಳೆ ಬಾರದಿದ್ದರೆ ಹೂವು ಕಾಯಿ ಕಚ್ಚುವುದು ಕಷ್ಟ. ಹಾಗೆಂದು ಮೊದಲ ಮಳೆ ವ್ಯರ್ಥವೆನ್ನುವ ಬೆಳೆಗಾರನಿಲ್ಲ. ಹೂವೇ ಅರಳದ ಗಿಡದಲ್ಲಿ ಎರಡನೆಯ ಮಳೆ ಮಾಡುವುದೇನನ್ನು?

ಶಾಪಗ್ರಸ್ತರಿಗೆ ಆ ಎರಡನೆಯ ಮಳೆ ಬಂದಿತು. ಬ್ರಯನ್ ಜೇಮ್ಸ್ ಇಲ್ಲದೆಯೇ ಅವರು ಮತ್ತೆ ಕೂಡಿದರು. ಅದುವರೆಗೆ ಮಂದ್ರದ ಬೇಸ್ ಗಿಟಾರ್ ನುಡಿಸುತ್ತಿದ್ದ 'ವಿವೇಕಿ ದಳಪತಿ' ಮುಖ್ಯ ಗಿಟಾರನ್ನು ಹಿಡಿದನು. 1979ರ ನವೆಂಬರಿನಲ್ಲಿ ಬಂದ 'ಮೆಷೀನ್ ಗನ್ ಎಟಿಕೆಟ್' ಎಂಬ ಆಲ್ಬಮ್ಮಿನಲ್ಲಿ ವೇಗವೂ ಇತ್ತು, ರಾಗವೂ ಇತ್ತು. ಶೌಚಾಲಯ ತೊಳೆದಿದ್ದ ಅವನೇ 1982ರಲ್ಲಿ ಹಳೆಯ ಸಂಗೀತ ನಾಟಕವೊಂದರ ಹಾಡನ್ನು ಒಂಟಿಯಾಗಿ ಹಾಡಿ ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದನು. 2022ರಲ್ಲಿ ಮೊದಲಿನ ನಾಲ್ವರೂ, ಕೂದಲು ನರೆತ ಮೇಲೆ, ಒಂದೇ ವೇದಿಕೆಯಲ್ಲಿ ನಿಂತರು. ಬ್ರಯನ್ ಜೇಮ್ಸ್ 2025ರ ಮಾರ್ಚಿನಲ್ಲಿ ತೀರಿಕೊಂಡನು. ಆ ಕೂಟ ಅಷ್ಟರಲ್ಲಿ ನಡೆದಿದ್ದುದು ಭಾಗ್ಯವೆನ್ನಬೇಕು.

ಈ ಕರ್ಕಶ ಸಂಗೀತವನ್ನು ಓದುಗರು ಮೆಚ್ಚಲೇಬೇಕೆಂದೇನೂ ಇಲ್ಲ. ತ್ಯಾಗರಾಜರ ಕೃತಿಯೊಂದನ್ನು ಕೇಳಿ ಮಲಗುವ ಮನೆಯಲ್ಲಿ ಅದು ಐದು ನಿಮಿಷವೂ ಸಲ್ಲಲಾರದು. ಆದರೆ ಸಂಗೀತಕ್ಕೆ ಗೌರವ ಕೊಡುವ ಮನೆಗಳಲ್ಲಿಯೇ ಒಂದು ಸಣ್ಣ ಕ್ರೌರ್ಯ ನಡೆದುಹೋಗುವುದುಂಟು. ಏಳೆಂಟು ವರ್ಷದ ಮಗು ಬಾಯಿ ತುಂಬ ಹಾಡುತ್ತಿರುತ್ತದೆ. "ಶ್ರುತಿ ಸೇರಲಿಲ್ಲ, ಸಾಕು ಮಾಡು" ಎಂದು ಹಿರಿಯರು ನಗುತ್ತಾರೆ. ಮಗು ಸುಮ್ಮನಾಗುತ್ತದೆ. ನಲವತ್ತು ವರ್ಷಗಳ ಮೇಲೆ, ಭಜನೆಯಲ್ಲಿ ತುಟಿ ಮಾತ್ರ ಅಲುಗಿಸುವ ಗೃಹಸ್ಥನು, ಲಾಲಿ ಹಾಡಲೂ ನಾಚುವ ತಾಯಿ, ಆ ಮಗುವೇ ಆಗಿರುತ್ತಾರೆ. ತತ್ವಪದ ಹಾಡುವವನು ಏಕತಾರಿಯೊಂದಿಗೇ ತೃಪ್ತನಾದನು. ಮಲೆಯ ಸುಗ್ಗಿಯ ಕುಣಿತದಲ್ಲಿ ವಾದ್ಯದ ಗತಿಗೆ ಹೆಜ್ಜೆ ಹಾಕುವವನನ್ನು ಯಾರೂ ಪರೀಕ್ಷೆಗೊಡ್ಡುವುದಿಲ್ಲ. ಅಪ್ಪಣೆ ಕೇಳದೆ ಹಾಡುವ ಹಕ್ಕು ಈ ನಾಡಿನಲ್ಲಿಯೂ ಇದ್ದದ್ದೇ. ನಡುವೆ ಎಲ್ಲಿಯೋ ಪ್ರಶಸ್ತಿಪತ್ರಗಳ ಕೆಳಗೆ ಅದು ಮುಚ್ಚಿಹೋಗಿದೆ.

ಶ್ರುತಿಯನ್ನು ಕಲಿಸಬಹುದು, ಅದಕ್ಕೆ ಗುರುಗಳಿದ್ದಾರೆ, ವರ್ಷಗಳಿವೆ. ಒಮ್ಮೆ ನಾಚಿ ಮುಚ್ಚಿದ ಬಾಯಿಯನ್ನು ತೆರೆಸುವುದು ಮಾತ್ರ ಬಹಳ ಕಷ್ಟದ ಕೆಲಸ. ಗೋರಿ ತೋಡುತ್ತಿದ್ದವನಿಗೆ "ನೀನು ಹಾಡಬೇಡ" ಎಂದು ಹೇಳಲು ಲಂಡನ್ನಿನಲ್ಲಿ ಬೇಕಾದಷ್ಟು ಜನರಿದ್ದರು. ಅವನು ಕೇಳಿಸಿಕೊಳ್ಳಲಿಲ್ಲ. ಮನೆಯ ಮಗು ಅಷ್ಟು ಗಟ್ಟಿಗನಲ್ಲ, ಅದು ಕೇಳಿಸಿಕೊಳ್ಳುತ್ತದೆ.